ಕಡಲು ಬಂದದ್ದು ಕೊನೆಗೆ

ಬೋಯಿಗು ಎಂಬುದು ಒಂದು ಪುಟ್ಟ ದ್ವೀಪ. ಆಸ್ಟ್ರೇಲಿಯಾ ದೇಶಕ್ಕೆ ಸೇರಿದ್ದು. ಆದರೆ ಆಸ್ಟ್ರೇಲಿಯಾದ ನೆಲ ಅದಕ್ಕೆ ದೂರ, ಪಕ್ಕದ ಪಾಪುವಾ ನ್ಯೂಗಿನಿ ಹತ್ತಿರ. ನಡುವೆ ಕೆಲವೇ ಕಿಲೋಮೀಟರ್ ನೀರು. ಕೆಸರು ಮಣ್ಣಿನ, ತಗ್ಗಾದ ದ್ವೀಪ ಅದು. ದೊಡ್ಡ ಉಬ್ಬರ ಬಂದ ದಿನ ಕಡಲ ನೀರು ಊರೊಳಗೆ ನುಗ್ಗುತ್ತದೆ. ತೋಟದ ಮಣ್ಣಿಗೆ ಉಪ್ಪು ಹತ್ತುತ್ತದೆ. ಹಿರಿಯರನ್ನು ಮಣ್ಣು ಮಾಡಿದ ಜಾಗವೂ ಮುಳುಗುತ್ತದೆ.

ಅದೇ ಸಮುದ್ರದಲ್ಲಿ ಮಸಿಗ್ ಎಂಬ ಇನ್ನೊಂದು ದ್ವೀಪವಿದೆ. 2019ರಲ್ಲಿ ಒಂದು ಚಂಡಮಾರುತ ಅಲ್ಲಿನ ದಡವನ್ನು ಮೀಟರ್‌ಗಟ್ಟಲೆ ಕೊಚ್ಚಿಕೊಂಡು ಹೋಯಿತು. ಗೋರಿಗಳು ಕೊರೆದು, ತಮ್ಮವರ ಎಲುಬುಗಳು ಹೊರಬಿದ್ದವು ಎಂದು ಅಲ್ಲಿನವರು ಹೇಳಿದ್ದಾರೆ. ನಮ್ಮ ಕರಾವಳಿಯವರು ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: ಕಡಲ್ಕೊರೆತ.

2019ರ ಮೇ ತಿಂಗಳಲ್ಲಿ ಬೋಯಿಗು, ಮಸಿಗ್, ವಾರಬರ್, ಪೊರುಮಾ ಎಂಬ ನಾಲ್ಕು ದ್ವೀಪಗಳ ಎಂಟು ಮಂದಿ ಒಂದು ಕೆಲಸ ಮಾಡಿದರು. ತಮ್ಮ ಪರವಾಗಿ ಮತ್ತು ಆರು ಮಕ್ಕಳ ಪರವಾಗಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಟ್ಟರು. ಭೂಮಿ ಬಿಸಿಯಾಗುತ್ತಿದೆ, ಕಡಲು ಏರುತ್ತಿದೆ, ನಮ್ಮ ಸರ್ಕಾರ ಮಾಡಬೇಕಾದದ್ದನ್ನು ಮಾಡಿಲ್ಲ, ಇದರಿಂದ ನಮ್ಮ ಮಾನವ ಹಕ್ಕು ಹೋಗಿದೆ ಎಂಬುದು ದೂರಿನ ಸಾರ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಡಲು ಸಿಡ್ನಿ ನಗರದ ಶ್ರೀಮಂತರ ಬೀಚಿನಲ್ಲೂ ಏರುತ್ತದೆ. ಅಲ್ಲಿನವರು ಜಿನೀವಾಕ್ಕೆ ದೂರು ಒಯ್ಯಲಿಲ್ಲ. ಈ ಸಣ್ಣ ದ್ವೀಪದವರೇ ಯಾಕೆ ಹೋಗಬೇಕಾಯಿತು?

ಉತ್ತರ ಸಿಗಬೇಕಾದರೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು. ಈ ಜನರ ಮೇಲೆ ಮೊದಲು ಬಂದದ್ದು ಕಡಲಲ್ಲ. ಕಡಲು ಬಂದದ್ದು ಕೊನೆಗೆ.

ಮೊದಲು ಬಂದದ್ದು ಹಡಗು

ಆಸ್ಟ್ರೇಲಿಯಾದ ಉತ್ತರದ ತುದಿಗೂ ಪಾಪುವಾ ನ್ಯೂಗಿನಿಗೂ ನಡುವೆ ಇರುವ ಸಮುದ್ರವೇ ಟಾರೆಸ್ ಜಲಸಂಧಿ. ಅಗಲ ಸುಮಾರು 150 ಕಿಲೋಮೀಟರ್. 1606ರಲ್ಲಿ ಇಲ್ಲಿ ಹಾದುಹೋದ ಸ್ಪೇನಿನ ನಾವಿಕ ಟಾರೆಸ್‌ನ ಹೆಸರು ಇದಕ್ಕೆ ಅಂಟಿಕೊಂಡಿದೆ. ಇನ್ನೂರಕ್ಕೂ ಹೆಚ್ಚು ದ್ವೀಪಗಳಿದ್ದರೂ ಜನ ಇರುವುದು ಹದಿನೇಳು ಹದಿನೆಂಟರಲ್ಲಿ ಮಾತ್ರ. ಈಗ ಅಲ್ಲಿ ವಾಸಿಸುವವರು ಕೆಲವೇ ಸಾವಿರ ಮಂದಿ.

ಇವರು ಕಡಲ ಜನ. ಮೀನು, ಆಮೆ, ಸೀಗಡಿ ಹಿಡಿಯುತ್ತಿದ್ದರು, ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ವ್ಯಾಪಾರ ಮಾಡುತ್ತಿದ್ದರು, ಮನೆ ಹತ್ತಿರ ಗೆಣಸು ಬೆಳೆಯುತ್ತಿದ್ದರು. 1860ರ ದಶಕದ ಕೊನೆಗೆ ಹೊರಗಿನ ಹಡಗುಗಳು ಮುತ್ತಿನ ಚಿಪ್ಪು ಹುಡುಕಿಕೊಂಡು ಬಂದವು. ಆಗ ಯುರೋಪಿನಲ್ಲಿ ಅಂಗಿಯ ಗುಂಡಿ ಮಾಡುವುದಕ್ಕೆ ಆ ಚಿಪ್ಪು ಬೇಕಾಗಿತ್ತು. ನೀರಿಗೆ ಮುಳುಗುವ ಕೆಲಸಕ್ಕೆ ದ್ವೀಪದ ಗಂಡಸರು ಬೇಕಾದರು.

1871ರ ಜುಲೈ 1ರಂದು ಲಂಡನ್ ಮಿಷನರಿಗಳು ಎರುಬ್ ದ್ವೀಪಕ್ಕೆ ಕಾಲಿಟ್ಟರು. ದ್ವೀಪದವರು ಇಂದಿಗೂ ಆ ದಿನವನ್ನು ಹಬ್ಬವಾಗಿ ಆಚರಿಸುತ್ತಾರೆ. ಎಂಟು ವರ್ಷ ಕಳೆಯುವುದರೊಳಗೆ, ಅಂದರೆ 1879ರ ಹೊತ್ತಿಗೆ, ಬ್ರಿಟಿಷರ ಕ್ವೀನ್ಸ್‌ಲ್ಯಾಂಡ್ ವಸಾಹತು ಈ ದ್ವೀಪಗಳನ್ನೆಲ್ಲ ತನ್ನ ಗಡಿಯೊಳಗೆ ಸೇರಿಸಿಕೊಂಡಿತ್ತು. ನೆಲ, ನೀರು, ಚಿಪ್ಪು ಎಲ್ಲದರ ಮೇಲೂ ಸರ್ಕಾರದ ಹಕ್ಕು ಕುಳಿತಿತು. ದ್ವೀಪದವರನ್ನು ಯಾರೂ ಕೇಳಲಿಲ್ಲ.

ಇಪ್ಪತ್ತನೇ ಶತಮಾನ ಶುರುವಾಗುವ ಹೊತ್ತಿಗೆ ಇನ್ನೊಂದು ಕಾನೂನು ಇವರ ಮೇಲೆ ಬಂತು. ಅದರ ಹೆಸರಿನಲ್ಲಿ ‘ರಕ್ಷಣೆ’ ಎಂಬ ಪದವಿತ್ತು. ರಕ್ಷಕ ಎಂಬ ಹೆಸರಿನ ಒಬ್ಬ ಅಧಿಕಾರಿ ನೇಮಕವಾದ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗಲು ಅವನ ಅಪ್ಪಣೆ ಬೇಕು. ರಾತ್ರಿ ಹೊತ್ತು ಮೀರಿ ಮನೆಯಿಂದ ಹೊರಗೆ ಇರುವಂತಿಲ್ಲ. ಚಿಪ್ಪಿನ ದೋಣಿಯಲ್ಲಿ ದುಡಿದ ಕೂಲಿ ಕೈಗೆ ಬರುವುದಿಲ್ಲ. ಅವನ ಲೆಕ್ಕದ ಪುಸ್ತಕಕ್ಕೆ ಹೋಗುತ್ತದೆ. ಅದರಲ್ಲಿ ಎಷ್ಟಿದೆ ಎಂಬುದು ದುಡಿದವನಿಗೆ ಗೊತ್ತಿಲ್ಲ. ಖರ್ಚು ಮಾಡಬೇಕಾದರೆ ಮತ್ತೆ ಅವನನ್ನೇ ಕೇಳಬೇಕು.

ನಮ್ಮಲ್ಲಿ ಜೀತದ ಲೆಕ್ಕ ಹೀಗೆಯೇ ಧಣಿಯ ಪುಸ್ತಕದಲ್ಲಿ ಇರುತ್ತಿತ್ತು ಎಂದು ಅಜ್ಜಂದಿರು ಹೇಳಿದ್ದನ್ನು ನೀವು ಕೇಳಿರಬಹುದು. ಅಲ್ಲಿ ಆ ಪುಸ್ತಕ ಸರ್ಕಾರದ್ದೇ ಆಗಿತ್ತು.

ಮಸಿಗ್ ದ್ವೀಪದ ಮೊದಲ ಸಭೆ

1936ರ ಜನವರಿಯಲ್ಲಿ ದೋಣಿಯ ಕೆಲಸಗಾರರು ಕೆಲಸ ನಿಲ್ಲಿಸಿದರು. ಒಂದು ದ್ವೀಪದವರಲ್ಲ, ಬಹುಪಾಲು ದ್ವೀಪದವರು. ಸುಮಾರು 400 ಮಂದಿ ಮುಷ್ಕರ ಹೂಡಿದರು. ನಾಲ್ಕು ತಿಂಗಳು ನಡೆಯಿತು. ಅವರು ಕೇಳಿದ್ದು ಕೂಲಿ ಏರಿಕೆಯನ್ನು ಮಾತ್ರವಲ್ಲ. ನಮ್ಮ ದುಡ್ಡು ನಮ್ಮ ಕೈಗೆ ಕೊಡಿ, ನಮ್ಮ ದೋಣಿಯನ್ನು ನಾವೇ ನಡೆಸುತ್ತೇವೆ, ಓಡಾಟಕ್ಕೆ ಅಪ್ಪಣೆ ಚೀಟಿ ತೆಗೆಯಿರಿ, ರಾತ್ರಿ ನಿರ್ಬಂಧ ತೆಗೆಯಿರಿ ಎಂದರು.

ಸರ್ಕಾರ ಸ್ವಲ್ಪ ಬಗ್ಗಿತು. 1937ರಲ್ಲಿ ದ್ವೀಪಗಳ ಪ್ರತಿನಿಧಿಗಳೆಲ್ಲ ಮೊದಲ ಸಲ ಒಂದು ಕಡೆ ಸೇರಿ ಸಭೆ ನಡೆಸಿದರು. ಸಭೆ ನಡೆದದ್ದು ಮಸಿಗ್ ದ್ವೀಪದಲ್ಲಿ. ಹೌದು, ಎಂಬತ್ತೆರಡು ವರ್ಷಗಳ ಮೇಲೆ ಯಾವ ದ್ವೀಪದ ದಡವನ್ನು ಚಂಡಮಾರುತ ಒಯ್ದಿತೋ ಅದೇ ಮಸಿಗ್. 1939ರಲ್ಲಿ ಇವರಿಗೆಂದೇ ಬೇರೆ ಕಾನೂನು ಬಂತು. ಊರಿನ ಆಡಳಿತದಲ್ಲಿ ಒಂದಿಷ್ಟು ಮಾತು ಸಿಕ್ಕಿತು. ಆದರೆ ಮೇಲಿನ ಬೀಗದ ಕೈ ಸರ್ಕಾರದ ಬಳಿಯೇ ಉಳಿಯಿತು.

ಆಮೇಲೆ ಎರಡನೇ ಮಹಾಯುದ್ಧ ಬಂತು. ಟಾರೆಸ್ ಜಲಸಂಧಿಯ 800ಕ್ಕೂ ಹೆಚ್ಚು ಗಂಡಸರು ಸೈನ್ಯ ಸೇರಿದರು. ಅಷ್ಟು ಸಣ್ಣ ಜನಸಂಖ್ಯೆಯಲ್ಲಿ ಕೆಲಸಕ್ಕೆ ಬರುವ ವಯಸ್ಸಿನ ಗಂಡಸರು ಹೆಚ್ಚುಕಮ್ಮಿ ಎಲ್ಲರೂ ಹೋದಂತಾಯಿತು. ಸಂಬಳ ಎಷ್ಟು? ಬಿಳಿಯ ಸೈನಿಕನ ಸಂಬಳದ ಮೂರನೇ ಒಂದು ಭಾಗ. ಅವರು ಸೈನ್ಯದೊಳಗೇ ಪ್ರತಿಭಟನೆ ಮಾಡಿದರು. ಆಗ ಮೂರನೇ ಎರಡು ಭಾಗಕ್ಕೆ ಏರಿತು. ಉಳಿದ ಬಾಕಿ ಬಂದದ್ದು 1980ರ ದಶಕದಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಮಂದಿ ಮಣ್ಣು ಸೇರಿದ್ದರು.

ಯುದ್ಧ ಮುಗಿದ ಮೇಲೆ, 1947ರ ಸುಮಾರಿಗೆ, ಸೈಬಾಯಿ ಎಂಬ ದ್ವೀಪಕ್ಕೆ ದೊಡ್ಡ ಉಬ್ಬರದ ನೀರು ನುಗ್ಗಿತು. ಬೋಯಿಗುವಿನ ಹಾಗೆ ಅದೂ ತಗ್ಗು ದ್ವೀಪ. ಹಲವು ಕುಟುಂಬಗಳು ದ್ವೀಪ ಬಿಟ್ಟು ಆಸ್ಟ್ರೇಲಿಯಾದ ತುದಿಯ ನೆಲಕ್ಕೆ ಹೋಗಿ ಹೊಸ ಊರು ಕಟ್ಟಿಕೊಂಡವು. ಸ್ಥಳಾಂತರಕ್ಕೆ ಮುಂದಾದ ಹಿರಿಯನ ಹೆಸರನ್ನೇ ಊರಿಗೆ ಇಟ್ಟರು: ಬಮಾಗ. ಊರು ಬಿಡುವುದು ಎಂದರೇನು ಎಂದು ಇವರಿಗೆ ಹವಾಮಾನದ ಮಾತು ಶುರುವಾಗುವ ಮೊದಲೇ ಗೊತ್ತಿತ್ತು.

ಆಸ್ಟ್ರೇಲಿಯಾದ ಸಂಸತ್ ಚುನಾವಣೆಯಲ್ಲಿ ಓಟು ಹಾಕುವ ಹಕ್ಕು ಇವರಿಗೆ ಬಂದದ್ದು 1962ರಲ್ಲಿ. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಚುನಾವಣೆಗೆ 1965ರಲ್ಲಿ. ನಮ್ಮ ದೇಶದ ಕಡುಬಡವರೂ ಅಷ್ಟು ಹೊತ್ತಿಗೆ ಮೂರು ಮಹಾಚುನಾವಣೆಯಲ್ಲಿ ಓಟು ಹಾಕಿ ಆಗಿತ್ತು. ಈ ಓಟಿನ ಮಾತನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ತೋಟದ ಬೇಲಿ, ಕೋರ್ಟಿನ ಬಾಗಿಲು

ಮೇರ್ ಎಂಬ ದ್ವೀಪದಲ್ಲಿ ಹುಟ್ಟಿದ ಎಡ್ಡಿ ಮಾಬೋ ಎಂಬವರು ಟೌನ್ಸ್‌ವಿಲ್ ನಗರದ ವಿಶ್ವವಿದ್ಯಾಲಯದಲ್ಲಿ ತೋಟದ ಮಾಲಿಯಾಗಿ ಕೆಲಸ ಮಾಡುತ್ತಿದ್ದರು. ಅಲ್ಲಿನ ಇಬ್ಬರು ಇತಿಹಾಸ ಅಧ್ಯಾಪಕರ ಜೊತೆ ಊಟದ ಹೊತ್ತಿನಲ್ಲಿ ಮಾತಾಡುತ್ತ ತಮ್ಮ ಊರಿನ ಜಮೀನಿನ ವಿಚಾರ ಹೇಳಿದರು. ಅದು ನಿಮ್ಮದಲ್ಲ, ಕಾನೂನಿನ ಲೆಕ್ಕದಲ್ಲಿ ಸರ್ಕಾರದ್ದು ಎಂದು ಅಧ್ಯಾಪಕರು ಹೇಳಬೇಕಾಯಿತು. ಮಾಬೋಗೆ ನಂಬಲಾಗಲಿಲ್ಲ. ಮೇರ್‌ನಲ್ಲಿ ಯಾವ ಮರದಿಂದ ಯಾವ ಕಲ್ಲಿನವರೆಗೆ ಯಾರ ತೋಟ ಎಂಬುದು ಪ್ರತಿಯೊಬ್ಬರಿಗೂ ಬಾಯಿಪಾಠ. ಆದರೆ ಕಾಗದ ಇರಲಿಲ್ಲ.

ಬ್ರಿಟಿಷರು ಬರುವಾಗ ಆ ನೆಲ ಯಾರದ್ದೂ ಆಗಿರಲಿಲ್ಲ ಎಂಬ ನಂಬಿಕೆಯ ಮೇಲೆ ಆಸ್ಟ್ರೇಲಿಯಾದ ಭೂಕಾನೂನು ನಿಂತಿತ್ತು. 1982ರಲ್ಲಿ ಮಾಬೋ ಮತ್ತು ಇನ್ನು ನಾಲ್ವರು ಮೊಕದ್ದಮೆ ಹೂಡಿದರು. 1985ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಮೊಕದ್ದಮೆಯನ್ನೇ ಮುಗಿಸುವಂಥ ಒಂದು ಕಾನೂನು ತಂದಿತು. 1988ರಲ್ಲಿ ಹೈಕೋರ್ಟ್ ಅದನ್ನು ತಳ್ಳಿಹಾಕಿತು (ಆಸ್ಟ್ರೇಲಿಯಾದಲ್ಲಿ ಎಲ್ಲಕ್ಕಿಂತ ಮೇಲಿನ ನ್ಯಾಯಾಲಯವೇ ಹೈಕೋರ್ಟ್). 1992ರ ಜೂನ್ 3ರಂದು ತೀರ್ಪು ಬಂತು: ಆ ನೆಲಕ್ಕೆ ಮೊದಲೇ ಒಡೆಯರಿದ್ದರು, ಆ ಹಕ್ಕು ಅಳಿದಿಲ್ಲ. ಮಾಬೋ ಆ ವರ್ಷ ಜನವರಿಯಲ್ಲೇ ತೀರಿಕೊಂಡಿದ್ದರು.

ಇದರಲ್ಲಿ ಹೆಚ್ಚು ಮಂದಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಸಾಕ್ಷಿ ವಿಚಾರಣೆ ಮಾಡಿದ ನ್ಯಾಯಾಧೀಶರು ಮಾಬೋ ಅವರ ಸ್ವಂತ ಜಮೀನಿನ ಹಕ್ಕನ್ನು ಒಪ್ಪಲಿಲ್ಲ. ಕಾರಣ, ಅವರು ದತ್ತು ಮಗ. ದ್ವೀಪದಲ್ಲಿ ನೆಂಟರೊಳಗೆ ಮಗುವನ್ನು ದತ್ತು ಕೊಟ್ಟು ತೆಗೆದುಕೊಳ್ಳುವುದು ಹಳೆಯ ಪದ್ಧತಿ, ಅದಕ್ಕೂ ಕಾಗದ ಇಲ್ಲ. ಯಾರ ಹೆಸರಿನಿಂದ ದೇಶದ ಕಾನೂನು ಬದಲಾಯಿತೋ ಅವರ ತೋಟ ಮಾತ್ರ ಕೋರ್ಟಿನ ಲೆಕ್ಕಕ್ಕೆ ಸಿಗಲಿಲ್ಲ. ದ್ವೀಪದ ದತ್ತು ಪದ್ಧತಿಯನ್ನು ಒಪ್ಪುವ ಕಾನೂನನ್ನು ಕ್ವೀನ್ಸ್‌ಲ್ಯಾಂಡ್ ತಂದದ್ದು 2020ರಲ್ಲಿ.

ಒಂದರ ಮೇಲೊಂದು ಹೇರಿದ ಭಾರ ಎಂದರೆ ಇದೇ. ಕೂಲಿ ಕೈಗೆ ಕೊಡಲಿಲ್ಲ, ಹಾಗಾಗಿ ಉಳಿತಾಯ ಇಲ್ಲ. ಓಟು ಕೊಡಲಿಲ್ಲ, ಹಾಗಾಗಿ ಶಾಸನಸಭೆಯಲ್ಲಿ ಮಾತಿಲ್ಲ. ನೆಲದ ಹಕ್ಕು ಒಪ್ಪಲಿಲ್ಲ, ಹಾಗಾಗಿ ಪರಿಹಾರ ಕೇಳಲು ಕಾಗದವಿಲ್ಲ. ಇದೆಲ್ಲ ಇರುವವರ ಮೇಲೆ ನೀರು ಏರಿದರೆ ಅವರು ಒಂದು ಗೋಡೆ ಕಟ್ಟಿಕೊಳ್ಳುತ್ತಾರೆ, ಇಲ್ಲವೇ ಬೇರೆ ಕಡೆ ಮನೆ ಕೊಳ್ಳುತ್ತಾರೆ, ಇಲ್ಲವೇ ಮಂತ್ರಿಯನ್ನು ಕರೆಸುತ್ತಾರೆ. ಇವರಿಗೆ ಮೂರು ದಾರಿಯೂ ಮುಚ್ಚಿದ್ದವು.

ಜಿನೀವಾದಲ್ಲಿ ಸಿಕ್ಕಿದ್ದು, ಸಿಗದಿದ್ದು

ಈಗ 2019ರ ದೂರಿಗೆ ಬರೋಣ. 1990ರ ದಶಕದಿಂದ ಈಚೆಗೆ ಟಾರೆಸ್ ಜಲಸಂಧಿಯಲ್ಲಿ ಕಡಲು ವರ್ಷಕ್ಕೆ ಸುಮಾರು 6 ಮಿಲಿಮೀಟರ್ ಏರಿದೆ. ಹತ್ತು ವರ್ಷಕ್ಕೆ 6 ಸೆಂಟಿಮೀಟರ್. ಪ್ರಪಂಚದ ಸರಾಸರಿಗೆ ಹೋಲಿಸಿದರೆ ಇದು ಹೆಚ್ಚುಕಮ್ಮಿ ಎರಡು ಪಟ್ಟು.

ಆಸ್ಟ್ರೇಲಿಯಾ ಸರ್ಕಾರ ತನ್ನ ವಾದ ಮಂಡಿಸಿತು. ಭೂಮಿ ಬಿಸಿಯಾಗುವುದು ಪ್ರಪಂಚದ ಸಮಸ್ಯೆ, ಅದನ್ನು ನಮ್ಮೊಬ್ಬರ ತಲೆಗೆ ಕಟ್ಟಲಾಗದು. ಇವರು ಹೇಳುವ ಹಾನಿ ಮುಂದೆ ಆಗಬಹುದಾದದ್ದು, ಈಗ ಆದದ್ದಲ್ಲ. ತಡೆಗೋಡೆಗೆ ಹಣ ಕೊಟ್ಟಿದ್ದೇವೆ.

ಸಮಿತಿಯ ತೀರ್ಮಾನ 2022ರ ಸೆಪ್ಟೆಂಬರ್‌ನಲ್ಲಿ ಹೊರಬಂತು. ಆಸ್ಟ್ರೇಲಿಯಾ ಎರಡು ಹಕ್ಕುಗಳನ್ನು ಕಾಪಾಡಲಿಲ್ಲ ಎಂದು ಸಮಿತಿ ಹೇಳಿತು. ಒಂದು, ಮನೆ ಮತ್ತು ಕುಟುಂಬದ ಬದುಕಿನ ಹಕ್ಕು. ಇನ್ನೊಂದು, ಅಲ್ಪಸಂಖ್ಯಾತ ಸಮುದಾಯ ತನ್ನ ಸಂಸ್ಕೃತಿಯಂತೆ ಬದುಕುವ ಹಕ್ಕು. ಆಸ್ಟ್ರೇಲಿಯಾ ದೊಡ್ಡ ಪ್ರಮಾಣದಲ್ಲಿ ಹೊಗೆ ಬಿಡುವ ದೇಶ, ಅನುಕೂಲಸ್ಥ ದೇಶ ಎಂಬುದನ್ನೂ ಗಮನಿಸಿತು. ತಡೆಗೋಡೆಯ ಕೆಲಸ ತಡವಾಯಿತು, ಪರಿಹಾರ ಕೊಡಿ, ಜನರನ್ನು ಕೂರಿಸಿಕೊಂಡು ಮಾತಾಡಿ ಎಂದಿತು. ಹವಾಮಾನ ಬದಲಾವಣೆಯಿಂದ ಜನರನ್ನು ಕಾಪಾಡದ ಒಂದು ದೇಶ ಮಾನವ ಹಕ್ಕು ಮೀರಿದೆ ಎಂದು ಈ ಸಮಿತಿ ಹೇಳಿದ್ದು ಅದೇ ಮೊದಲು.

ಗಮನಿಸಿ, ಈ ದೂರು ಗೆದ್ದದ್ದು ಯಾವುದರಿಂದ? ನಮ್ಮ ಪೂರ್ವಜರ ಗೋರಿ ಇಲ್ಲಿದೆ, ನಮ್ಮ ಆಚರಣೆ ಈ ಮಣ್ಣಿನಲ್ಲೇ ನಡೆಯಬೇಕು, ಬೇರೆ ಕಡೆ ಹೋದರೆ ನಾವು ನಾವಾಗಿ ಉಳಿಯುವುದಿಲ್ಲ ಎಂದು ಹೇಳಿಕೊಂಡದ್ದರಿಂದ. ನೂರೈವತ್ತು ವರ್ಷ ಯಾವ ಗುರುತಿಗಾಗಿ ಅವರನ್ನು ಕೀಳಾಗಿ ಕಂಡರೋ ಅದೇ ಗುರುತು ಇಲ್ಲಿ ಕೈಹಿಡಿಯಿತು.

ಆದರೆ ಜೀವಿಸುವ ಹಕ್ಕಿನ ವಿಷಯದಲ್ಲಿ ಸಮಿತಿ ಒಪ್ಪಲಿಲ್ಲ. ದ್ವೀಪ ಬದುಕಲಾಗದಂತೆ ಆಗಲು ಇನ್ನೂ 10-15 ವರ್ಷವಿದೆ, ಅಷ್ಟರಲ್ಲಿ ಸರ್ಕಾರ ಏನಾದರೂ ಮಾಡಬಹುದು ಎಂಬುದು ಬಹುಮತದ ಮಾತು. ಕೆಲವು ಸದಸ್ಯರು ಇದಕ್ಕೆ ಒಪ್ಪದೆ ಬೇರೆ ಅಭಿಪ್ರಾಯ ಬರೆದರು. ಮಕ್ಕಳ ಹಕ್ಕಿನ ಪ್ರಶ್ನೆಯನ್ನು ಸಮಿತಿ ಪ್ರತ್ಯೇಕವಾಗಿ ಪರಿಶೀಲಿಸಲೇ ಇಲ್ಲ. 15 ವರ್ಷ ಕಳೆದ ಮೇಲೆ ಆ ದ್ವೀಪದಲ್ಲಿ ಸಂಸಾರ ನಡೆಸಬೇಕಾದವರು ಆ ಆರು ಮಕ್ಕಳು.

ಇದೇ 10-15 ವರ್ಷದ ಲೆಕ್ಕ ಅದಕ್ಕೂ ಮೊದಲು ಇನ್ನೊಬ್ಬರ ವಿಷಯದಲ್ಲಿ ಬಂದಿತ್ತು. ಪೆಸಿಫಿಕ್ ಸಾಗರದ ಕಿರಿಬಾಸ್ ದ್ವೀಪದೇಶದ ಅಯೋನೆ ಟೈಟಿಯೋಟ ನ್ಯೂಜಿಲೆಂಡಿನಲ್ಲಿ ಆಶ್ರಯ ಕೇಳಿದ್ದರು. ನಮ್ಮ ದ್ವೀಪ ಮುಳುಗುತ್ತಿದೆ, ಕುಡಿಯುವ ನೀರು ಉಪ್ಪಾಗಿದೆ, ಇರುವ ನೆಲಕ್ಕೆ ಜಗಳ ಶುರುವಾಗಿದೆ ಎಂದರು. ಅಲ್ಲಿನ ಕೋರ್ಟುಗಳು ಒಪ್ಪಲಿಲ್ಲ. 2015ರಲ್ಲಿ ಅವರನ್ನು ವಾಪಸು ಕಳಿಸಿದರು. ಇದೇ ಸಮಿತಿ 2020ರ ಜನವರಿಯಲ್ಲಿ ಹೊರಬಿದ್ದ ತೀರ್ಮಾನದಲ್ಲಿ, ಮುಂದೆ ಇಂಥವರನ್ನು ವಾಪಸು ಕಳಿಸುವುದು ತಪ್ಪಾಗಬಹುದು, ಆದರೆ ಈಗ ಇವರ ವಿಷಯದಲ್ಲಿ ತಪ್ಪಾಗಿಲ್ಲ ಎಂದಿತು. ಅವರು ಅಲ್ಲಿ ಎಲ್ಲರಿಗೂ ಇರುವ ಕಷ್ಟಕ್ಕಿಂತ ತನಗೆ ಬೇರೆಯಾದ ಅಪಾಯ ಇದೆ ಎಂದು ತೋರಿಸಲಿಲ್ಲ ಎಂಬುದೂ ಒಂದು ಕಾರಣ.

ಈ ಮಾತನ್ನು ಇನ್ನೊಮ್ಮೆ ಓದಿ. ಊರಿಗೆ ಊರೇ ಮುಳುಗುತ್ತಿದ್ದರೆ ಒಬ್ಬನು ‘ನನಗೆ ಮಾತ್ರ’ ಎಂದು ಹೇಗೆ ತೋರಿಸಬೇಕು?

ಅಜ್ಜಿಯರ ಮೊಕದ್ದಮೆ

ಇದೇ ಪ್ರಶ್ನೆ ಶ್ರೀಮಂತ ದೇಶದಲ್ಲೂ ಎದ್ದಿತು. ಸ್ವಿಟ್ಜರ್ಲೆಂಡಿನಲ್ಲಿ 2016ರಲ್ಲಿ ವಯಸ್ಸಾದ ಹೆಂಗಸರು ಸೇರಿ ಒಂದು ಸಂಘ ಕಟ್ಟಿದರು. ಮುಂದೆ ಅದರ ಸದಸ್ಯರು ಎರಡು ಸಾವಿರ ದಾಟಿದರು, ಸರಾಸರಿ ವಯಸ್ಸು 73. ಬಿಸಿಗಾಳಿ ಬೀಸಿದಾಗ ಮುದುಕರು, ಅದರಲ್ಲೂ ಹೆಂಗಸರು, ಹೆಚ್ಚು ಸಾಯುತ್ತಾರೆ. ಸರ್ಕಾರ ಹೊಗೆ ತಗ್ಗಿಸುತ್ತಿಲ್ಲ ಎಂಬುದು ಇವರ ವಾದ. ಸ್ವಿಸ್ ಕೋರ್ಟುಗಳು, ಸೆಕೆ ಎಲ್ಲರಿಗೂ ತಾಗುತ್ತದೆ, ನಿಮಗೇನು ವಿಶೇಷ ಎಂಬ ಧಾಟಿಯಲ್ಲಿ ತಳ್ಳಿಹಾಕಿದವು.

2024ರ ಏಪ್ರಿಲ್ 9ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಸಂಘದ ಪರ ತೀರ್ಪು ಕೊಟ್ಟಿತು. ಹದಿನೇಳು ನ್ಯಾಯಾಧೀಶರಲ್ಲಿ ಹದಿನಾರು ಮಂದಿ ಒಪ್ಪಿದರು. ಆದರೆ ಸಂಘದ ಜೊತೆ ಬೇರೆಯಾಗಿ ಅರ್ಜಿ ಹಾಕಿದ್ದ ನಾಲ್ವರು ಅಜ್ಜಿಯರ ಅರ್ಜಿಯನ್ನು ಒಪ್ಪಲಿಲ್ಲ. ಒಬ್ಬೊಬ್ಬರಾಗಿ ಬಂದರೆ ಹಾನಿ ಸಾಲದು, ಸಂಘವಾಗಿ ಬಂದರೆ ಕೇಳುತ್ತೇವೆ ಎಂದಂತಾಯಿತು.

ಆ ಅಜ್ಜಿಯರಿಗೆ ವಯಸ್ಸು ಮತ್ತು ಹೆಣ್ಣುತನ ಎರಡೂ ಸೇರಿ ಕಷ್ಟ ತಂದವು. ಆದರೆ ಅವರ ಬಳಿ ಸಂಘ ಕಟ್ಟುವ ಶಕ್ತಿ, ವಕೀಲರು, ಎಂಟು ವರ್ಷ ಕಾಯುವ ತಾಕತ್ತು ಇತ್ತು. ಬೇಸಿಗೆಯಲ್ಲಿ ಇಟ್ಟಿಗೆ ಗೂಡಿನಲ್ಲಿ ದುಡಿಯುವ ಅಜ್ಜಿಗೆ ಅದೇ ವಯಸ್ಸು, ಅದೇ ಹೆಣ್ಣುತನ, ಜೊತೆಗೆ ಬಡತನವೂ ಇದೆ. ಕಷ್ಟ ಹೆಚ್ಚಾದಂತೆ ಕೋರ್ಟಿನ ಬಾಗಿಲು ದೂರವಾಗುತ್ತದೆ.

ಮತ್ತೆ ಓಟಿನ ಮಾತು

ಬೋಯಿಗುವಿಗೆ ಮರಳೋಣ. ಬೋಯಿಗುವಿನ ಪಬಾಯಿ ಪಬಾಯಿ ಮತ್ತು ಸೈಬಾಯಿಯ ಪಾಲ್ ಕಬಾಯಿ ಎಂಬ ಇಬ್ಬರು ಹಿರಿಯರು 2021ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟಿನಲ್ಲೇ ಮೊಕದ್ದಮೆ ಹೂಡಿದರು. ನಮ್ಮನ್ನು ಕಾಪಾಡುವುದು ಸರ್ಕಾರದ ಹೊಣೆ, ಆ ಹೊಣೆಯಲ್ಲಿ ಅದು ಅಜಾಗರೂಕವಾಗಿ ನಡೆದಿದೆ ಎಂದರು. ನ್ಯಾಯಾಧೀಶರು ದ್ವೀಪಗಳಿಗೇ ಹೋಗಿ ನೋಡಿದರು, ಸಾಕ್ಷಿ ಕೇಳಿದರು.

2025ರ ಜುಲೈ 15ರಂದು ತೀರ್ಪು ಬಂತು. ನ್ಯಾಯಾಧೀಶರು ಎಷ್ಟೋ ಸಂಗತಿ ಒಪ್ಪಿದರು. ದ್ವೀಪಗಳಿಗೆ ಹಾನಿಯಾಗುತ್ತಿದೆ ಎಂಬುದನ್ನು ಒಪ್ಪಿದರು. 2015, 2020, 2021ರಲ್ಲಿ ಹೊಗೆ ತಗ್ಗಿಸುವ ಗುರಿ ಹಾಕುವಾಗ ಸರ್ಕಾರ ವಿಜ್ಞಾನವನ್ನು ಸರಿಯಾಗಿ ಗಮನಕ್ಕೆ ತೆಗೆದುಕೊಳ್ಳಲಿಲ್ಲ ಎಂದೂ ಹೇಳಿದರು. ಆದರೂ ದ್ವೀಪದವರು ಸೋತರು.

ಕಾರಣ ಎರಡು. ಗುರಿ ಹಾಕುವುದು ಸರ್ಕಾರದ ನೀತಿಯ ವಿಷಯ, ಅದರಲ್ಲಿ ಈಗಿನ ಕಾನೂನಿನ ಪ್ರಕಾರ ಕೋರ್ಟು ಹೊಣೆ ಹೊರಿಸಲಾಗದು. ಎರಡನೆಯದು, ದ್ವೀಪದ ಪದ್ಧತಿ, ಆಚರಣೆ ಕಳೆದುಹೋದದ್ದಕ್ಕೆ ಪರಿಹಾರ ಕೊಡುವ ಜಾಗ ಆ ಕಾನೂನಿನಲ್ಲಿಲ್ಲ. ಜಿನೀವಾದಲ್ಲಿ ಯಾವ ಮಾತು ಗೆಲ್ಲಿಸಿತೋ ಊರಿನ ಕೋರ್ಟಿನಲ್ಲಿ ಅದೇ ಮಾತಿಗೆ ಕಾಲಂ ಇರಲಿಲ್ಲ.

ಕಾನೂನು ಬದಲಾಗುವವರೆಗೆ ಇಂಥವರಿಗೆ ಉಳಿದ ದಾರಿ ಹೋರಾಟ ಮತ್ತು ಕೊನೆಗೆ ಮತಪೆಟ್ಟಿಗೆ ಎಂಬ ಅರ್ಥದ ಮಾತನ್ನೂ ನ್ಯಾಯಾಧೀಶರು ಹೇಳಿದರು. ಮತಪೆಟ್ಟಿಗೆ! 1962ರವರೆಗೆ ಓಟೇ ಇಲ್ಲದ ಜನ ಅವರು. ಈಗ ಇದೆ, ಆದರೆ ದ್ವೀಪಗಳಲ್ಲಿ ಇರುವವರು ಕೆಲವೇ ಸಾವಿರ. ಕೇರ್ನ್ಸ್ ನಗರವನ್ನೂ ಒಳಗೊಂಡ ದೊಡ್ಡ ಲೋಕಸಭಾ ಕ್ಷೇತ್ರದಲ್ಲಿ ಅವರು ಒಂದು ಮೂಲೆ. ಅಂಥ ಕ್ಷೇತ್ರಗಳು ದೇಶದಲ್ಲಿ 150. ಆ ಓಟಿನಿಂದ ಕಲ್ಲಿದ್ದಲಿನ ನೀತಿ ಬದಲಾಗಬೇಕು.

ಎಂಟು ದಿನ ಕಳೆದು, 2025ರ ಜುಲೈ 23ರಂದು, ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ ಒಂದು ಅಭಿಪ್ರಾಯ ಕೊಟ್ಟಿತು. ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ ಎಂದು ನ್ಯಾಯಾಧೀಶರೆಲ್ಲ ಒಮ್ಮತದಿಂದ ಹೇಳಿದರು. ಈ ಬೇಡಿಕೆ 2019ರಲ್ಲಿ ಶುರುವಾದದ್ದು ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳಿಂದ, ಮುಂದಕ್ಕೆ ಒಯ್ದದ್ದು ವನುವಾಟು ಎಂಬ ಪುಟ್ಟ ದೇಶ. ಅಭಿಪ್ರಾಯ ಎಂದರೆ ಆದೇಶವಲ್ಲ. ಆದರೂ ನಾಳೆ ದೂರು ಬರೆಯುವವರಿಗೆ ಹಿಡಿದುಕೊಳ್ಳಲು ಒಂದು ಊರುಗೋಲು.

ನಮ್ಮ ಪಾಲಿಗೆ

ಬೋಯಿಗುವಿನವರಂತೆ ನಾವೂ ಜಿನೀವಾಕ್ಕೆ ಬರೆಯಬಹುದೇ? ಇಲ್ಲ. ಅದೇ ಒಪ್ಪಂದಕ್ಕೆ ಭಾರತ 1979ರಲ್ಲಿ ಸೇರಿದೆ. ಆದರೆ ಒಬ್ಬ ಪ್ರಜೆ ನೇರವಾಗಿ ಆ ಸಮಿತಿಗೆ ದೂರು ಕೊಡಲು ಅವಕಾಶ ಕೊಡುವ ಇನ್ನೊಂದು ಕಾಗದಕ್ಕೆ ನಮ್ಮ ದೇಶ ಸೇರಿಲ್ಲ. ನಮಗೆ ಇರುವುದು ನಮ್ಮ ಹೈಕೋರ್ಟು, ಸುಪ್ರೀಂ ಕೋರ್ಟು.

2024ರಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ಹವಾಮಾನ ಬದಲಾವಣೆಯ ಕೆಡುಕಿನಿಂದ ಕಾಪಾಡಿಕೊಳ್ಳುವುದು ಸಂವಿಧಾನದ 14 ಮತ್ತು 21ನೇ ವಿಧಿಯಿಂದ ಬರುವ ಹಕ್ಕು ಎಂದಿತು. ಬಡವರಿಗೆ, ಹಿಂದುಳಿದವರಿಗೆ ಇದರ ಪೆಟ್ಟು ಹೆಚ್ಚು, ಹಾಗಾಗಿ ಇದು ಸಮಾನತೆಯ ಪ್ರಶ್ನೆಯೂ ಹೌದು ಎಂದಿತು. ಆದರೆ ಈ ಮಾತು ಬಂದದ್ದು ಯಾವ ಮೊಕದ್ದಮೆಯಲ್ಲಿ ಗೊತ್ತೇ? ಒಂದು ಹಕ್ಕಿಯ ಮೊಕದ್ದಮೆಯಲ್ಲಿ. ನಮ್ಮ ಸಿರುಗುಪ್ಪದ ಕಡೆಯೂ ಇರುವ ಎರೆಭೂತ ಹಕ್ಕಿ ರಾಜಸ್ಥಾನ, ಗುಜರಾತಿನಲ್ಲಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತಿತ್ತು. ತಂತಿಯನ್ನು ನೆಲದಡಿ ಹಾಕಬೇಕೇ ಎಂಬುದು ಅಲ್ಲಿನ ಪ್ರಶ್ನೆ. ಬಡವರ ಹಕ್ಕಿನ ಬಗ್ಗೆ ತೀರ್ಪಿನಲ್ಲಿ ಒಳ್ಳೆಯ ಮಾತುಗಳಿವೆ, ಆದರೆ ಬಡವರು ಯಾರೂ ಆ ಮೊಕದ್ದಮೆಯಲ್ಲಿ ನಿಂತು ತಮ್ಮ ಕಥೆ ಹೇಳಿರಲಿಲ್ಲ.

ಆ ಹಕ್ಕನ್ನು ಮುಂದೆ ಯಾರು ಹೋಗಿ ಕೇಳುತ್ತಾರೆ? ಮಾಬೋ ಅವರ ತೋಟವನ್ನು ನೆನಪಿಸಿಕೊಳ್ಳಿ. ನಮ್ಮಲ್ಲಿ ಬರ ಬಿದ್ದರೆ, ನೆರೆ ಬಂದರೆ ಬೆಳೆಹಾನಿ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿರುವವರ ಖಾತೆಗೆ. ಕೋರಿಗೆ, ಲಾವಣಿಗೆ ಹೊಲ ಮಾಡುವವರ ಹೆಸರು ಅಲ್ಲಿಲ್ಲ. ಗಂಡ ಸತ್ತ ಮೇಲೂ ಮಾವನ ಹೆಸರಿನಲ್ಲೇ ಇರುವ ಹೊಲದಲ್ಲಿ ದುಡಿಯುವ ಹೆಂಗಸಿನ ಹೆಸರು ಅಲ್ಲಿಲ್ಲ. ಕೂಲಿಗೆ ಹೋಗುವವರಿಗೆ ಬೆಳೆ ಹೋದರೆ ಕೂಲಿಯೂ ಹೋಯಿತು, ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಮಳೆ ಎಲ್ಲರಿಗೂ ಒಂದೇ ಸಲ ಕೈಕೊಡುತ್ತದೆ, ಕಾಗದ ಕೆಲವರಿಗೆ ಮೊದಲೇ ಕೈಕೊಟ್ಟಿರುತ್ತದೆ.

ಟಾರೆಸ್ ಜಲಸಂಧಿಯವರು ಸೋತಿದ್ದಾರೆ, ಗೆದ್ದಿದ್ದಾರೆ, ಮತ್ತೆ ಸೋತಿದ್ದಾರೆ. ಗೆದ್ದಾಗಲೆಲ್ಲ ಅವರ ಕೈಯಲ್ಲಿ ಇದ್ದದ್ದು ನೆನಪು: ಯಾವ ಕಲ್ಲಿನಿಂದ ಯಾವ ಮರದವರೆಗೆ ಯಾರ ತೋಟ, ಯಾವ ದಿಬ್ಬದಲ್ಲಿ ಯಾರ ಗೋರಿ, ಯಾವ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು. ಅದನ್ನು ಹೇಳುವ ಹಿರಿಯರು ಇದ್ದರು, ಬರೆದುಕೊಳ್ಳುವ ಕಿರಿಯರು ಇದ್ದರು.

ನಿಮ್ಮ ಊರಿನ ಕೆರೆ ಯಾವ ವರ್ಷ ಒಡೆಯಿತು, ನೀರು ಯಾವ ಕೇರಿಗೆ ಮೊದಲು ನುಗ್ಗಿತು, ಪರಿಹಾರದ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಯಿತು ಎಂದು ಊರಿನ ಹಿರಿಯರನ್ನು ಕೇಳಿ ನೋಡಿ. ಕೇಳಿದ್ದನ್ನು ತಾರೀಖು ಹಾಕಿ ಬರೆದಿಡಿ. ಇವತ್ತು ಅದು ಬರೀ ಹಳೆಯ ಕಥೆ. ನಾಳೆ ಯಾರಾದರೂ ಕೋರ್ಟಿನ ಮೆಟ್ಟಿಲು ಹತ್ತಿದರೆ, ‘ನಿಮಗೇನು ವಿಶೇಷ’ ಎಂದು ಕೇಳುತ್ತಾರೆ. ಆಗ ಕೊಡುವುದಕ್ಕೆ ಉತ್ತರ ಅದೇ.